ಎಣಿಕೆ ಕಲಿಸುವ ಚಿತ್ರಪುಸ್ತಕ



ನಾಲ್ಕು ವರ್ಷದ ಮಗು ಒಂದರಿಂದ ಐವತ್ತರವರೆಗೆ ಒಂದೇ ಉಸಿರಿಗೆ ಹೇಳಿದರೆ ನಮಗೆಲ್ಲ ಹೆಮ್ಮೆ. ಅದೇ ಮಗುವಿನ ಮುಂದೆ ಒಂದು ಬೊಗಸೆ ರೇಷ್ಮೆಗೂಡು ಸುರಿದು, "ಏಳು ಗೂಡು ಎತ್ತಿಕೊಡು, ಕೂಸೇ" ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ತಡವರಿಸುತ್ತಾರೆ. ಬಾಯಿಪಾಠ ಬೇರೆ, ಎಣಿಕೆ ಬೇರೆ.

ಒಂದು ಗೂಡಿಗೆ ಒಂದೇ ಅಂಕಿ. ಯಾವುದನ್ನೂ ಬಿಡಬಾರದು, ಎರಡು ಸಲ ಎಣಿಸಬಾರದು. ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ. ಇಷ್ಟು ತಿಳಿದ ಮೇಲೆಯೇ ಕೂಡುವುದು, ಕಳೆಯುವುದು ಹಿಡಿಯುತ್ತದೆ. ಈ ಬುನಾದಿ ಸಡಿಲವಾದರೆ, ಮುಂದೆ ಗೂಡಿನ ಮಾರುಕಟ್ಟೆಯಲ್ಲಿ ತೂಕ, ದರ ತಾಳೆ ನೋಡಲು ನಿಮ್ಮ ಮಕ್ಕಳು ಇನ್ನೊಬ್ಬರ ಮುಖ ನೋಡಬೇಕಾದೀತು.

ಈ ಬುನಾದಿಗೆ ಚಿತ್ರಪುಸ್ತಕ ಒಳ್ಳೆಯ ಸಾಧನ. ಅಮೆರಿಕದ ಎರಿಕ್ ಕಾರ್ಲ್ ಎಂಬ ಚಿತ್ರಕಾರರು 1969ರಲ್ಲಿ ಹಸಿದ ಹುಳುವೊಂದರ ಪುಸ್ತಕ ಹೊರತಂದರು. ಹುಳು ಸೋಮವಾರ ಒಂದು ಹಣ್ಣು ತಿನ್ನುತ್ತದೆ, ಮಂಗಳವಾರ ಎರಡು. ಹೀಗೆ ಶುಕ್ರವಾರಕ್ಕೆ ಐದು. ಹಾಳೆಯಲ್ಲಿ ಹಣ್ಣಿಗೊಂದು ತೂತು; ಮಗು ಬೆರಳಿಟ್ಟು ಎಣಿಸುತ್ತದೆ. ಕೊನೆಗೆ ಹುಳು ಗೂಡು ಸೇರಿ ಚಿಟ್ಟೆಯಾಗುತ್ತದೆ.

ಕೊಳ್ಳೇಗಾಲದ ಸೀಮೆಯವರಿಗೆ ಇದು ಹೊಸ ಕಥೆಯೇ? ನಮ್ಮ ರೇಷ್ಮೆಹುಳು ನಾಲ್ಕು ಜ್ವರ ದಾಟಿ ಗೂಡು ಕಟ್ಟುವುದಿಲ್ಲವೇ? ಮೊದಲ ಹಾಳೆಯಲ್ಲಿ ಒಂದು ಹುಳು, ಎರಡನೆಯದರಲ್ಲಿ ಎರಡು, ಹೀಗೆ ಐದರವರೆಗೆ ಮಗುವಿನ ಕೈಯಲ್ಲೇ ಬರೆಸಿ, ಹಾಳೆಗಳನ್ನು ದಾರದಿಂದ ಹೊಲಿಯಿರಿ. ಮನೆಯಲ್ಲೇ ಪುಸ್ತಕ ಸಿದ್ಧ. ಹನೂರಿನವರು ಜೋಳದ ತೆನೆ, ಯಳಂದೂರಿನವರು ಕಬ್ಬಿನ ಗಿಣ್ಣು ಬರೆಸಬಹುದು.

"ನಮಗೇ ಓದು ಬಾರದು" ಎಂದು ಹಿಂಜರಿಯಬೇಡಿ. ಚಿತ್ರಕ್ಕೆ ಅಕ್ಷರ ಬೇಡ. ಎಷ್ಟಿವೆ? ಯಾವ ಕಡೆ ಹೆಚ್ಚು? ಒಂದು ತೆಗೆದರೆ ಎಷ್ಟು ಉಳಿಯಿತು? ಹೀಗೆ ಕೇಳಿ, ಉತ್ತರಕ್ಕೆ ಕಾಯಿರಿ. ತಪ್ಪಿದರೆ ಗದರಬೇಡಿ, ಬೆರಳಿಟ್ಟು ಜೊತೆಯಲ್ಲಿ ಮತ್ತೆ ಎಣಿಸಿ.

ಅಚ್ಚಾದ ಪುಸ್ತಕ ಬೇಕಾದರೆ, ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಕನ್ನಡ ಚಿತ್ರಕಥೆಗಳನ್ನು ಮೊಬೈಲಿನಲ್ಲಿ ಖರ್ಚಿಲ್ಲದೆ ತೆರೆಯಬಹುದು, ಮುದ್ರಿಸಿಕೊಳ್ಳಲೂಬಹುದು.

ನಮ್ಮ ನೆರೆಯ ತಿ. ನರಸೀಪುರದಲ್ಲಿ 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ತೆರೆದವು. ಅವು ಬಂದದ್ದು ಊಟಕ್ಕಷ್ಟೇ ಅಲ್ಲ, ಶಾಲೆಗೆ ಮುಂಚಿನ ಕಲಿಕೆಗೂ. ಆದ್ದರಿಂದ ಈ ವಾರವೇ ನಿಮ್ಮೂರಿನ ಅಂಗನವಾಡಿಗೆ ಹೋಗಿ, ಅಲ್ಲಿ ಎಣಿಕೆಯ ಚಿತ್ರಪುಸ್ತಕ ಇದೆಯೇ, ಅದು ಮಕ್ಕಳ ಕೈಗೆ ಸಿಗುತ್ತಿದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಹತ್ತು ಮನೆಯವರು ಸೇರಿ ಹತ್ತು ಪುಸ್ತಕ ಹೊಲಿದು ಕೊಡಿ.