ಆರೋಗ್ಯ ವಿಮೆ: ಕಟ್ಟಿದ ಹಣಕ್ಕೆ ತಕ್ಕ ಫಲ ಸಿಗಬೇಕಾದರೆ

(ಹೊಸಮನೆಯಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ಶುಶ್ರೂಷಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸ)



ರೋಗಿ ಗುಣವಾಗಿ ಮನೆಗೆ ಹೊರಡುವ ದಿನ ಸಂತೋಷದ ದಿನವಾಗಬೇಕು. ವಿಮೆ ಮಾಡಿಸಿದ ಎಷ್ಟೋ ಮನೆಯವರಿಗೆ ಅದೇ ಆತಂಕದ ದಿನ. "ಮೂರು ಲಕ್ಷದ ಪಾಲಿಸಿ ಇದೆ ಸಿಸ್ಟರ್, ಆದರೂ ಕೈಯಿಂದ ಕಟ್ಟಬೇಕಂತೆ, ಯಾಕೆ?" ಎಂದು ಕೇಳುತ್ತಾರೆ. ಉತ್ತರ ಪಾಲಿಸಿಯ ಷರತ್ತುಗಳಲ್ಲೇ ಇರುತ್ತದೆ. ಕಾಯಕದಿಂದ ದುಡಿದ ಹಣ ಕಟ್ಟುವ ಮೊದಲೇ ಅದನ್ನು ತಿಳಿಯಬೇಕು.

ಮೊದಲು, ನಿಮಗೆ ಈಗಾಗಲೇ ಇರುವ ಸೌಲಭ್ಯ ನೋಡಿಕೊಳ್ಳಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೆಗ್ಗಾನ್‌ನಂತಹ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಜಾರಿಗೆ ಬಂದು 2018ರಲ್ಲಿ ನಿಂತ ಈ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ನೋಂದಣಿಯ ಅವಧಿಯನ್ನು ನಿಮ್ಮ ಸಂಘದಲ್ಲಿ ವಿಚಾರಿಸಿ.

ಖಾಸಗಿ ವಿಮೆ ಮಾಡಿಸುವುದಾದರೆ ಕಂತಿನ ಮೊತ್ತವನ್ನಷ್ಟೇ ನೋಡಬೇಡಿ. ಕೊಠಡಿ ಬಾಡಿಗೆಯ ಮಿತಿ ಕೇಳಿ. 3 ಲಕ್ಷದ ಪಾಲಿಸಿಯಲ್ಲಿ ಶೇ. 1ರ ಮಿತಿ ಎಂದರೆ ದಿನಕ್ಕೆ 3,000 ರೂ. ನೀವು 6,000 ರೂ. ಕೊಠಡಿ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳಲ್ಲೂ ಅರ್ಧ ಕಡಿತವಾಗಬಹುದು. ಔಷಧಿ, ಪರೀಕ್ಷೆ ಮತ್ತು ಐಸಿಯು ಶುಲ್ಕಕ್ಕೆ ಈ ಕಡಿತ ಹಾಕುವಂತಿಲ್ಲ.

"ಸಕ್ಕರೆ ಕಾಯಿಲೆ ಬರೆಯಬೇಡಿ, ಕಂತು ಹೆಚ್ಚಾಗುತ್ತದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮುಚ್ಚಿಟ್ಟ ಕಾಯಿಲೆಯೇ ಮುಂದೆ ಹಣ ನಿರಾಕರಿಸಲು ಕಾರಣವಾಗುತ್ತದೆ. 2024ರ ನಿಯಮದಂತೆ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 3 ವರ್ಷ ಮೀರುವಂತಿಲ್ಲ. 5 ವರ್ಷ ಬಿಡದೆ ಕಂತು ಕಟ್ಟಿದವರಿಗೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂದು ಹಣ ನಿರಾಕರಿಸುವಂತಿಲ್ಲ.

ಅದೇ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರ ಇನ್ನೊಂದು ಸುಧಾರಣೆ ತಂದಿತು. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ ಉತ್ತರಿಸಬೇಕು. ಬಿಡುಗಡೆಯ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆಯ ಖರ್ಚು ಹೆಚ್ಚಾದರೆ ಅದು ಕಂಪನಿಯ ಹೊಣೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ ಕೂಡ ಇಲ್ಲ. ನಿಮ್ಮ ನವೀಕರಣದ ರಸೀದಿ ನೋಡಿಕೊಳ್ಳಿ.

ಆದರೂ ಒಂದು ಕೊರತೆ ಉಳಿದಿದೆ. ಜನ ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಚಿಕಿತ್ಸೆಗೆ ಮರಳುವುದೆಷ್ಟು? 2023–24ರಲ್ಲಿ ಸರ್ಕಾರಿ ವಿಮಾ ಕಂಪನಿಗಳಲ್ಲಿ ಇದು ಒಟ್ಟಾರೆ 100 ದಾಟಿತ್ತು. ಆರೋಗ್ಯ ವಿಮೆಯನ್ನಷ್ಟೇ ಮಾಡುವ ಕಂಪನಿಗಳಲ್ಲಿ 70ಕ್ಕೂ ಕಡಿಮೆ ಇತ್ತು. ಅಮೆರಿಕದಲ್ಲಿ 2010ರ ಕಾನೂನಿನಂತೆ ಕನಿಷ್ಠ 80 ಭಾಗ ಚಿಕಿತ್ಸೆಗೆ ಹೋಗಬೇಕು, ಇಲ್ಲವಾದರೆ ಉಳಿದದ್ದನ್ನು ಗ್ರಾಹಕರಿಗೆ ಹಿಂದಿರುಗಿಸಬೇಕು. ನಮ್ಮಲ್ಲೂ ಇಂಥ ನಿಯಮ ಬರಬೇಕು. ಅಲ್ಲಿಯವರೆಗೆ, ಪಾಲಿಸಿ ಮಾಡಿಸುವಾಗ ಕಂಪನಿಯ ಈ ಲೆಕ್ಕವನ್ನು ಕೇಳುವುದು ನಿಮ್ಮ ಹಕ್ಕು.

ಅನ್ಯಾಯವಾಯಿತೆನಿಸಿದರೆ ನಿರಾಕರಣೆಯ ಕಾರಣವನ್ನು ಬರಹದಲ್ಲೇ ಪಡೆಯಿರಿ. ಮೊದಲು ಕಂಪನಿಗೆ, ನಂತರ ಪ್ರಾಧಿಕಾರದ 155255 ಸಂಖ್ಯೆಗೆ ದೂರು ಕೊಡಿ. ಆಗಲೂ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಂದು ಮನೆಗೆ ಹೋದ ಮೇಲೆ ಪೆಟ್ಟಿಗೆಯಲ್ಲಿರುವ ಪಾಲಿಸಿಯನ್ನು ಹೊರತೆಗೆಯಿರಿ. ಓದು ಬಲ್ಲ ಮಕ್ಕಳಿಂದ ಓದಿಸಿ ಕೇಳಿ. ಅರ್ಥವಾಗದ ಸಾಲಿಗೆ ಗುರುತು ಹಾಕಿ ನಮ್ಮ ಬಳಿ ತನ್ನಿ, ಕುಳಿತು ಓದೋಣ.