ವೈದ್ಯರ ಮೇಲಿನ ದೂರು: ಮಾತುಕತೆಗೂ ಒಂದು ದಾರಿ

ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾಯಿದೆಗೆ ಒಳಪಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ತೀರ್ಪಿತ್ತಿತು. 2019ರ ಕಾಯಿದೆಯ ಪ್ರಕಾರ, ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ಹಳೇಬೀಡಿನವರು ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಎರಡೂ ಕಡೆಯವರು ಬರಹದಲ್ಲಿ ಒಪ್ಪಿದರೆ ಆಯೋಗವು ದೂರನ್ನು ಮಧ್ಯಸ್ಥರಿಗೆ ವಹಿಸಬಹುದು. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ, ಕೂರಿಸಿ ಮಾತನಾಡಿಸುತ್ತಾರೆ. ಬಿಲ್ಲು ಏಕೆ ಏರಿತು, ಆ ಪರೀಕ್ಷೆ ಏಕೆ ಬೇಕಾಯಿತು ಎಂಬುದಕ್ಕೆ ವೈದ್ಯರಿಂದಲೇ ಉತ್ತರ ಕೇಳಬಹುದು. ರಾಜಿಯಾಗದಿದ್ದರೆ ವಿಚಾರಣೆ ಮುಂದುವರಿಯುತ್ತದೆ.

ಆದರೆ ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯವಾದ ಪ್ರಕರಣಗಳನ್ನು 2020ರ ನಿಯಮಗಳು ಮಧ್ಯಸ್ಥಿಕೆಯಿಂದ ಹೊರಗಿಟ್ಟಿವೆ. ಅದು ಸರಿಯೇ. ಪ್ರಾಣದ ಲೆಕ್ಕ ಮುಚ್ಚಿದ ಕೋಣೆಯಲ್ಲಿ ಚುಕ್ತಾ ಆಗಬಾರದು.

ದೂರು ಕೊಡಲು 2 ವರ್ಷಗಳ ಗಡುವಿದೆ. ಔಷಧ ಚೀಟಿ, ರಸೀದಿ, ವರದಿಗಳನ್ನು ಜೋಪಾನವಾಗಿಡಿ.