ಬಕುಳವೃಕ್ಷದ ಕೆಳಗಿನ ಆಣೆ



ಮದರಾಸಿನ ಈ ತಿರುವೊಟ್ಟಿಯೂರಿನಲ್ಲಿ ಕನ್ನಡದಲ್ಲಿ ಮಾತನಾಡಲು ನಿಲ್ಲುವವನು ತಾನು ಪರಸ್ಥಳಕ್ಕೆ ಬಂದೆನೆಂದು ಸಂಕೋಚಪಡಬೇಕಾದ ಕಾರಣವಿಲ್ಲ. 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ಯುವರಾಜ ರಾಜಾದಿತ್ಯನು ಆನೆಯ ಮೇಲೆಯೇ ಮಡಿದ ತರುವಾಯ ಈ ಸೀಮೆ ಕೆಲವು ಕಾಲ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳಿಕೆಗೆ ಒಳಪಟ್ಟಿದ್ದಿತು. ತ್ಯಾಗರಾಜಸ್ವಾಮಿಯ ದೇವಾಲಯದ ಶಿಲಾಶಾಸನಗಳಲ್ಲಿ ಕನ್ನರದೇವನೆಂಬ ಅವನ ಹೆಸರು ಇಂದಿಗೂ ಉಳಿದಿದೆ. ಅವುಗಳಲ್ಲೊಂದು ಚತುರಾನನ ಪಂಡಿತನೆಂಬ ಯತಿಗೆ ಸಂಬಂಧಿಸಿದುದು. ಕೇರಳದಿಂದ ಬಂದು ರಾಜಾದಿತ್ಯನ ಆಶ್ರಯದಲ್ಲಿದ್ದ ಈತನು, ಒಡೆಯನು ಮಡಿದಾಗ ಅವನೊಡನೆ ತಾನೂ ಮಡಿಯಲಾಗಲಿಲ್ಲವೆಂಬ ಲಜ್ಜೆಯಿಂದ ಬೆಂದು, ಗಂಗೆಯಲ್ಲಿ ಮಿಂದು, ಈ ತಿರುವೊಟ್ಟಿಯೂರಿಗೆ ಬಂದು ಸಂನ್ಯಾಸವನ್ನು ಕೈಕೊಂಡನಂತೆ. ಮಠಾಧಿಪತಿಗಳ ಬಿರುದಾವಳಿಗಳನ್ನು ನಾವು ಬಹಳ ಓದಿದ್ದೇವೆ. ಮಠಾಧಿಪತಿಯೊಬ್ಬನ ಲಜ್ಜೆಯನ್ನು ಕಲ್ಲಿನ ಮೇಲೆ ಓದುವ ಸಂದರ್ಭ ಅಪರೂಪ. ಇಂದಿನ ವಿಷಯವನ್ನು ಆರಿಸಿಕೊಳ್ಳಲು ಆ ಶಾಸನವೇ ನನಗೆ ಧೈರ್ಯ ಕೊಟ್ಟಿತು.

ಧರ್ಮಗುರುವೆನಿಸಿಕೊಂಡವನ ನಡತೆಯ ಮೇಲೆ ಕಳಂಕದ ಮಾತು ಬಂದಾಗ ಲೋಕವು ಹೇಗೆ ವರ್ತಿಸುತ್ತದೆ ಎಂಬುದು ನನ್ನ ವಿಷಯ. ಗುರುವಿನ ಪಾಪಪುಣ್ಯಗಳ ವಿಚಾರಣೆ ನನ್ನ ಉದ್ದೇಶವಲ್ಲ, ಅದಕ್ಕೆ ನ್ಯಾಯಾಲಯಗಳಿವೆ. ನನ್ನ ದೃಷ್ಟಿ ಇರುವುದು ನೋಡುವವರ ಮೇಲೆ, ಎಂದರೆ ನಮ್ಮ ಮೇಲೆ.

2010ರ ಮಾರ್ಚ್ ತಿಂಗಳ ಆರಂಭವನ್ನು ಇಲ್ಲಿರುವವರಲ್ಲಿ ಅನೇಕರು ಮರೆತಿರಲಾರರು. ಇದೇ ಮದರಾಸಿನ ಸನ್ ಟಿವಿ ವಾಹಿನಿಯು, ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಆಶ್ರಮವನ್ನು ಸ್ಥಾಪಿಸಿಕೊಂಡಿದ್ದ ಸ್ವಾಮಿ ನಿತ್ಯಾನಂದರು ಚಲನಚಿತ್ರ ನಟಿಯೊಬ್ಬರೊಡನೆ ಇದ್ದರೆಂದು ಹೇಳಲಾದ ದೃಶ್ಯಾವಳಿಯನ್ನು ಪ್ರಸಾರಮಾಡಿತು; ಮನೆಮನೆಯ ನಡುಮನೆಯಲ್ಲಿ, ಮಕ್ಕಳು ಮುದುಕರು ಕುಳಿತಿದ್ದಂತೆಯೇ, ಅದು ಮತ್ತೆ ಮತ್ತೆ ಮೂಡಿಬಂದಿತು. ಆ ಚಿತ್ರ ಕೃತಕವಾದುದೆಂದು ಸ್ವಾಮಿಗಳು ವಾದಿಸಿದರು. ಬಿಡದಿಯ ಆಶ್ರಮದ ಮೇಲೆ ಜನರ ದಾಳಿಯಾಯಿತು, ಪ್ರತಿಕೃತಿಗಳು ಉರಿದವು, ನಿನ್ನೆಯವರೆಗೆ ಗೋಡೆಗಳ ಮೇಲೆ ಮುಗುಳ್ನಗುತ್ತಿದ್ದ ಚಿತ್ರಪಟಗಳು ಹರಿದು ಬೀದಿಗೆ ಬಿದ್ದವು. ಏಪ್ರಿಲ್ 21ರಂದು ಹಿಮಾಚಲಪ್ರದೇಶದಲ್ಲಿ ಅವರ ಬಂಧನವಾಯಿತು. ಮುಂದೆ ಮಾಜಿ ಶಿಷ್ಯೆಯೊಬ್ಬರು ಅತ್ಯಾಚಾರದ ಆರೋಪವನ್ನು ಹೊರಿಸಿದರು. ಸ್ವಾಮಿಗಳು ಅದನ್ನು ನಿರಾಕರಿಸಿದರು. ರಾಮನಗರದ ನ್ಯಾಯಾಲಯದಲ್ಲಿ ಮೊಕದ್ದಮೆ ಕುಂಟುತ್ತ ಸಾಗಿರುವಾಗಲೇ, 2019ರ ವೇಳೆಗೆ, ಅವರು ದೇಶವನ್ನೇ ಬಿಟ್ಟಿದ್ದರು.

ಇದಿಷ್ಟು ಎಲ್ಲರೂ ಬಲ್ಲ ವೃತ್ತಾಂತ. ಆ ದಿನಗಳಲ್ಲಿ ನಮ್ಮ ಮಾತು ಯಾವುದರ ಸುತ್ತ ಸುತ್ತುತ್ತಿದ್ದಿತು ಎಂಬುದನ್ನು ಮಾತ್ರ ಸ್ವಲ್ಪ ನೆನೆಯಬೇಕು. ಕಾಫಿ ಹೋಟೆಲಿನಲ್ಲಿ, ರೈಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ ನಾನು ಕೇಳಿದ ನೂರು ಮಾತುಗಳಲ್ಲಿ ತೊಂಬತ್ತು, ಸಂನ್ಯಾಸಿಯ ಬ್ರಹ್ಮಚರ್ಯ ಕೆಟ್ಟಿತೇ ಕೆಡಲಿಲ್ಲವೇ ಎಂಬ ಒಂದೇ ಕುತೂಹಲದಿಂದ ಹುಟ್ಟಿದವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಬಂದ, ಸ್ವಾಮಿಗಳ ಪುಂಸತ್ವಪರೀಕ್ಷೆಯ ಪ್ರಕರಣವಂತೂ ವಿನೋದಪ್ರಿಯರಿಗೆ ವರ್ಷವೆಲ್ಲ ಸಾಲುವಷ್ಟು ಗ್ರಾಸವನ್ನು ಒದಗಿಸಿತು. ದೂರಿತ್ತ ಹೆಂಗಸು ನ್ಯಾಯಾಲಯದ ಮೆಟ್ಟಿಲನ್ನು ಎಷ್ಟು ಸಲ ಹತ್ತಬೇಕಾಯಿತು ಎಂದು ಕೇಳಿದವರು ನನಗೆ ಸಿಕ್ಕಲಿಲ್ಲ. ನಾನೂ ಕೇಳಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆ.

ಲೋಕಕ್ಕೆ ಸಿಟ್ಟು ಬಂದಿತಲ್ಲ, ಅಷ್ಟಾದರೂ ಸಮಾಧಾನವಲ್ಲವೇ ಎನ್ನುವವರು ಕ್ಯಾಲೆಂಡರನ್ನು ನೋಡಬೇಕು. ದೃಶ್ಯಾವಳಿ ಪ್ರಸಾರವಾಗಿ ಎರಡು ವರ್ಷ ಕಳೆದಿದ್ದಿತಷ್ಟೆ. 2012ರ ಏಪ್ರಿಲ್‌ನಲ್ಲಿ, ಶೈವರ ಪ್ರಾಚೀನ ಪೀಠಗಳಲ್ಲೊಂದಾದ ಮದುರೆಯ ಆಧೀನಕ್ಕೆ ನಿತ್ಯಾನಂದರನ್ನೇ 293ನೆಯ ಉತ್ತರಾಧಿಕಾರಿಯೆಂದು ಘೋಷಿಸಲಾಯಿತು. ವಿರೋಧ ಎದ್ದುದು ನಿಜ, ಅದೇ ಅಕ್ಟೋಬರಿನಲ್ಲಿ ಆ ನೇಮಕವು ರದ್ದಾದುದೂ ನಿಜ. ಆದರೂ ಉರಿದ ಪ್ರತಿಕೃತಿಯ ಬೂದಿ ಆರುವಷ್ಟರಲ್ಲಿ ಪಟ್ಟಾಭಿಷೇಕದ ಮಾತನ್ನೆತ್ತುವ ಧೈರ್ಯ ಹುಟ್ಟಿತೆಂದರೆ, ಆ ಸಿಟ್ಟಿನ ಬೇರು ಎಷ್ಟು ಮೇಲಿದ್ದಿತೆಂಬುದು ತಿಳಿಯುತ್ತದೆ.

ಇದು ದೂರದರ್ಶನದ ಯುಗ ತಂದ ರೋಗವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ವಂಗದೇಶದ ತಾರಕೇಶ್ವರದ ಕಥೆ.

ತಾರಕೇಶ್ವರದ ಶಿವಾಲಯದ ಮಹಂತ ಮಾಧವಚಂದ್ರ ಗಿರಿಯು ಸಂತಾನಭಾಗ್ಯಕ್ಕೆ ಔಷಧಿ ಕೊಡುವನೆಂದು ಹೆಸರಾಗಿದ್ದವನು. ಕಲ್ಕತ್ತೆಯಲ್ಲಿ ಸರ್ಕಾರದ ನೌಕರಿಯಲ್ಲಿದ್ದ ನವೀನಚಂದ್ರ ಬ್ಯಾನರ್ಜಿಯೆಂಬವನ ಹೆಂಡತಿ, ಹದಿನಾರು ವರ್ಷದ ಎಲೋಕೇಶಿ, ತೌರಿನಲ್ಲಿದ್ದಾಗ ಆ ಔಷಧಿಯ ನೆವದಲ್ಲಿ ಮಹಂತನ ಕೈಗೆ ಸಿಕ್ಕಿದಳು. ವಿಷಯವನ್ನರಿತ ಗಂಡನು ಮೊದಲು ಅವಳನ್ನು ಕ್ಷಮಿಸಿದನು. ಅವಳೊಡನೆ ಊರು ಬಿಡಲು ಹೊರಟಾಗ ಮಹಂತನ ಆಳುಗಳು ಅಡ್ಡಗಟ್ಟಿದರು. ಆಗ 1873ರ ಮೇ 27ರಂದು, ಮೀನು ಹೆಚ್ಚುವ ಈಳಿಗೆಯಿಂದ ಅವನು ಆ ಹುಡುಗಿಯ ಕುತ್ತಿಗೆಯನ್ನೇ ಕತ್ತರಿಸಿಬಿಟ್ಟು ಪೊಲೀಸರಿಗೆ ಶರಣಾದನು. ಮುಂದಿನದನ್ನು ಕೇಳಿ. ವಿಚಾರಣೆಯನ್ನು ನೋಡಲು ನುಗ್ಗಿದ ಜನಸಂದಣಿಯನ್ನು ತಡೆಯುವುದಕ್ಕಾಗಿ ನ್ಯಾಯಾಲಯದ ಬಾಗಿಲಲ್ಲಿ ಪ್ರವೇಶಶುಲ್ಕವನ್ನು ವಸೂಲು ಮಾಡಬೇಕಾಯಿತು. ಕಾಳೀಘಾಟಿನ ಚಿತ್ರಗಾರರು ಮಹಂತನು ಎಲೋಕೇಶಿಗೆ ಔಷಧಿ ಕೊಡುವುದನ್ನು, ನವೀನನು ಈಳಿಗೆ ಎತ್ತುವುದನ್ನು ಬರೆದು ಮಾರಿದರು. ರಂಗಭೂಮಿಯಲ್ಲಿ ನಾಟಕಗಳು ತುಂಬಿದ ಗೃಹಗಳಲ್ಲಿ ನಡೆದವು. ಎಲೋಕೇಶಿಯ ಹೆಸರಿನ ಸೀರೆ, ವೀಳ್ಯದ ಪೆಟ್ಟಿಗೆಗಳು ಬಂದವು. ಅವಳನ್ನು ಕೊಂದ ಈಳಿಗೆಯ ಹೆಸರಿನಲ್ಲಿಯೇ ಈಳಿಗೆಗಳು ಬಂದವು. ಸೆರೆಯಲ್ಲಿ ಮಹಂತನು ಗಾಣದಲ್ಲಿ ತೆಗೆದ ಎಣ್ಣೆಯಿಂದ ಮಾಡಿದುದೆಂದು ತಲೆನೋವಿನ ಲೇಪವೊಂದೂ ಬಂದಿತು.

ಮಹಂತನಿಗೆ ಆದದ್ದು ಮೂರು ವರ್ಷ ಕಠಿಣ ಸಜೆ, 2,000 ರೂಪಾಯಿ ದಂಡ. ಆಜೀವ ಶಿಕ್ಷೆಗೆ ಗುರಿಯಾದ ನವೀನನಿಗಾಗಿ ಮಹಾಜನರು ಸಾವಿರಾರು ಸಂಖ್ಯೆಯಲ್ಲಿ ಸಹಿಮಾಡಿ ದಯಾಭಿಕ್ಷೆಯ ಅರ್ಜಿಗಳನ್ನು ಸಲ್ಲಿಸಿದರು. 1875ರಲ್ಲಿ ಅವನು ಬಿಡುಗಡೆ ಹೊಂದಿದನು. ಮಹಂತನೂ ಸಜೆಯನ್ನು ಮುಗಿಸಿಕೊಂಡು ಮರಳಿ ಬಂದು ತನ್ನ ಗದ್ದುಗೆಯನ್ನೇರಿದನು. ಹೀಗೆ ಲೋಕದ ಕೋಪಕ್ಕೆ ಒಬ್ಬ ಗಂಡಸೂ ಲೋಕದ ಕರುಣೆಗೆ ಇನ್ನೊಬ್ಬ ಗಂಡಸೂ ಪಾತ್ರರಾದರು. ಸತ್ತ ಹುಡುಗಿಯ ಪಾಲಿಗೆ ಸೀರೆಯ ಅಂಚಿನ ಮೇಲಿನ ಹೆಸರೊಂದು ಉಳಿಯಿತು. ಅವಳಿಗಾಗಿ ಯಾರೂ ಅರ್ಜಿ ಬರೆಯಲಿಲ್ಲ. ಬರೆಯುವುದಾದರೂ ಯಾರಿಗೆ, ಏನೆಂದು? ಮಹಂತನು ಕೆಡಿಸಿದ್ದು ತನ್ನ ವ್ರತವನ್ನು, ಕೆಡಿಸಿದ್ದು ನವೀನನ ಮನೆಯನ್ನು ಎಂಬ ಎರಡು ಕಲಮುಗಳಲ್ಲಿ ಊರವರ ಲೆಕ್ಕ ಮುಗಿದುಹೋಗಿದ್ದಿತು.

ಹಾಗಾದರೆ ಕಡೆಯವರೆಗೂ ನಂಬಿಕೆಯನ್ನು ಬಿಡದೆ, ಗುರುವಿನ ಮೇಲೆ ಬಂದುದೆಲ್ಲ ದುಷ್ಟರ ಸಂಚೆಂದು ಸಾಧಿಸುವ ಭಕ್ತರ ಗತಿಯೇನು? ಅವರನ್ನು ಮೂಢರೆಂದು ಹಳಿಯುವುದು ಸುಲಭ. ಫ್ರೆಂಚ್ ನಾಟಕಕಾರ ಮೋಲಿಯೇರನು ಕಪಟ ಭಕ್ತನೊಬ್ಬನನ್ನು ಕುರಿತು ‘ತಾರ್ತ್ಯೂಫ್’ ಎಂಬ ಪ್ರಹಸನವನ್ನು ಬರೆದು 1664ರಲ್ಲಿ ಅರಸನ ಮುಂದೆ ಆಡಿದಾಗ, ಧರ್ಮಾಧಿಕಾರಿಗಳ ಕೋಪದಿಂದ ಅದಕ್ಕೆ ನಿಷೇಧ ಬಿದ್ದು, ಸಾರ್ವಜನಿಕವಾಗಿ ನಿರಾತಂಕವಾಗಿ ಆಡಲು 1669ರವರೆಗೆ ಕಾಯಬೇಕಾಯಿತು. ಆ ನಾಟಕದಲ್ಲಿ ಮೋಲಿಯೇರನು ತಾನೇ ಧರಿಸಿದ ವೇಷ ಕಪಟಿಯದಲ್ಲ. ಆ ಕಪಟಿಯನ್ನು ಮನೆಗೆ ಕರೆತಂದು, ಹೆಂಡತಿ ಮಕ್ಕಳು ಬೇಡಬೇಡವೆಂದರೂ ಕೇಳದೆ, ಆಸ್ತಿಯನ್ನೇ ಬರೆದುಕೊಡುವ ಯಜಮಾನ ಓರ್ಗೋನನದು. ತನ್ನ ಜೀವಮಾನದ ಹತ್ತು ವರ್ಷಗಳನ್ನೂ ಉಳಿತಾಯವನ್ನೂ ಮಗಳ ಮದುವೆಯ ನಿರ್ಣಯವನ್ನೂ ಒಬ್ಬನ ಪಾದದಲ್ಲಿಟ್ಟವನು, ಅವನು ಕಪಟಿಯೆಂದು ಒಂದು ಸಾಯಂಕಾಲ ಒಪ್ಪಿಕೊಂಡರೆ, ಆ ಹತ್ತು ವರ್ಷ ತಾನು ಯಾರಾಗಿದ್ದೆನೆಂಬ ಪ್ರಶ್ನೆಗೂ ಅದೇ ರಾತ್ರಿ ಉತ್ತರ ಹೇಳಿಕೊಳ್ಳಬೇಕಾಗುತ್ತದೆ. ನಗುವವರಿಗೆ ಆ ಕಷ್ಟವಿಲ್ಲ, ಅವರು ಇಟ್ಟದ್ದೇನೂ ಇಲ್ಲ.

ಭಕ್ತರ ಪಕ್ಷದಲ್ಲಿ ಇನ್ನೊಂದು ಮಾತೂ ಉಂಟು. ಇದೇ ಕಡಲತೀರವನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಮಾಮಲ್ಲಪುರದ ದೊಡ್ಡ ಬಂಡೆಯ ಮೇಲೆ ಪಲ್ಲವರ ಶಿಲ್ಪಿ ಕಡೆದ ಬೆಕ್ಕೊಂದು ಮುಂಗಾಲುಗಳನ್ನು ಮೇಲೆತ್ತಿ ತಪಸ್ಸು ಮಾಡುತ್ತಿದೆ, ಸುತ್ತ ಇಲಿಗಳು ನಿಶ್ಚಿಂತೆಯಿಂದಿವೆ. ಮನುಸ್ಮೃತಿಯು ಬೈಡಾಲವ್ರತಿಕನೆಂದು ಹೆಸರಿಟ್ಟ ಡಾಂಭಿಕನ ರೂಪ ಇದೇ. ಮಹಾಭಾರತದ ಉದ್ಯೋಗಪರ್ವದಲ್ಲಿ ಈ ಬೆಕ್ಕಿನ ಕಥೆ ಬರುತ್ತದೆ. ಅದನ್ನು ಹೇಳಿಕಳುಹಿಸುವವನು ದುರ್ಯೋಧನ, ಬೆಕ್ಕೆಂದು ಅವನು ಹಳಿಯುವುದು ಧರ್ಮರಾಯನನ್ನು! ಡಾಂಭಿಕನೆಂಬ ಬೈಗುಳವೇ ಡಾಂಭಿಕನ ಕೈಯ ಆಯುಧವೂ ಆಗಬಲ್ಲುದೆಂಬುದನ್ನು ವ್ಯಾಸರು ಎಷ್ಟು ಸದ್ದಿಲ್ಲದೆ ತೋರಿಸಿದ್ದಾರೆ. 2004ರ ದೀಪಾವಳಿಯ ರಾತ್ರಿ ಕಂಚಿಯ ಮಠಾಧಿಪತಿ ಜಯೇಂದ್ರ ಸರಸ್ವತಿಗಳು ಕೊಲೆಯ ಆರೋಪದ ಮೇಲೆ ಬಂಧಿತರಾದಾಗ ಈ ನಗರದ ಪ್ರತಿಯೊಂದು ಜಗುಲಿಯೂ ಒಂದೊಂದು ತೀರ್ಪನ್ನು ಕೊಟ್ಟಿದ್ದಿತು. ಒಂಬತ್ತು ವರ್ಷಗಳ ಮೇಲೆ, 2013ರಲ್ಲಿ, ಪುದುಚೇರಿಯ ನ್ಯಾಯಾಲಯವು ಅವರನ್ನೂ ಇತರ ಆರೋಪಿಗಳೆಲ್ಲರನ್ನೂ ದೋಷಮುಕ್ತರನ್ನಾಗಿ ಮಾಡಿದಾಗ ಜಗುಲಿಗಳು ತಮ್ಮ ತೀರ್ಪನ್ನು ಹಿಂತೆಗೆದುಕೊಂಡುದನ್ನು ನಾನು ಕಾಣೆ.

ಹಾಗೆಂದು ನಿಜವನ್ನು ತಿಳಿಯುವ ದಾರಿಯೇ ಇಲ್ಲವೆಂದಲ್ಲ. ಮಹಾಭಾರತದ ಆ ಬೆಕ್ಕಿನ ಕಥೆಯಲ್ಲಿ ಕೋಲಿಕನೆಂಬ ಮುದಿ ಇಲಿಯೊಂದಿದೆ. ಬೆಕ್ಕಿನ ವ್ರತ ಬರಿಯ ವೇಷವೆಂದು ಅದೂ ಹೇಳುತ್ತದೆ, ಆದರೆ ಜಪವನ್ನು ಪರೀಕ್ಷಿಸಿ ಅಲ್ಲ. ಬೆಕ್ಕು ದಿನದಿನಕ್ಕೆ ಕೊಬ್ಬುತ್ತಿದೆ, ನಮ್ಮ ಸಂಖ್ಯೆ ಇಳಿಯುತ್ತಿದೆ, ನಮ್ಮವನೇ ಆದ ಡಿಂಡಿಕನೆಂಬ ಇಲಿ ಏಳೆಂಟು ದಿನದಿಂದ ಕಾಣಿಸುತ್ತಿಲ್ಲ, ಎಂದು ಲೆಕ್ಕವನ್ನು ಹೇಳುತ್ತದೆ. ನಾವು ನಿತ್ಯ ಚರ್ಚಿಸುವುದು ಬೆಕ್ಕಿನ ವ್ರತವನ್ನು; ಕೋಲಿಕನು ಕೇಳಿದುದು ಡಿಂಡಿಕನೆಲ್ಲಿ ಎಂದು.

ಈಗ ಈ ಊರಿನ ಕಥೆಗೆ ಬರುತ್ತೇನೆ. ಹರಿಹರನ ‘ನಂಬಿಯಣ್ಣನ ರಗಳೆ’ಯನ್ನು ಓದಿದ ಕನ್ನಡಿಗರಿಗೆ ಪರವೆ, ಸಂಕಿಲೆಯರ ಹೆಸರು ಹೊಸದಲ್ಲ. ತಮಿಳರ ಸುಂದರಮೂರ್ತಿಯೇ ನಮ್ಮ ನಂಬಿಯಣ್ಣ, ಅವರ ಸಂಗಿಲಿಯೇ ನಮ್ಮ ಸಂಕಿಲೆ. ಸುಂದರನು ಶೈವಾಚಾರ್ಯರು ನಾಲ್ವರಲ್ಲಿ ಒಬ್ಬ, ಶಿವನ ಆಪ್ತಸಖ. ತಿರುವಾರೂರಿನಲ್ಲಿ ಪರವೆಯ ಕೈಹಿಡಿದಿದ್ದ ಅವನು ಈ ತಿರುವೊಟ್ಟಿಯೂರಿಗೆ ಬಂದಾಗ ದೇವರಿಗೆ ಹೂಮಾಲೆ ಕಟ್ಟುತ್ತಿದ್ದ ಸಂಗಿಲಿಯನ್ನು ಕಂಡು ಮೋಹಗೊಂಡನು. ನನ್ನನ್ನು ಎಂದಿಗೂ ಬಿಟ್ಟುಹೋಗುವುದಿಲ್ಲವೆಂದು ದೇವರ ಮುಂದೆ ಆಣೆಯಿಡು ಎಂದಳು ಅವಳು. ಆಗ ಆ ಭಕ್ತಶ್ರೇಷ್ಠನು ಹೂಡಿದ ಉಪಾಯವನ್ನು ಹನ್ನೆರಡನೆಯ ಶತಮಾನದಲ್ಲಿ ‘ಪೆರಿಯ ಪುರಾಣ’ವನ್ನು ರಚಿಸಿದ ಸೇಕ್ಕಿಳಾರನು ಮರೆಮಾಡದೆ ಹೇಳಿದ್ದಾನೆ: ನಾನು ಆಣೆಯಿಡುವ ಹೊತ್ತಿಗೆ ನೀನು ಗರ್ಭಗುಡಿಯನ್ನು ಬಿಟ್ಟು ಹೊರಗಿನ ಬಕುಳವೃಕ್ಷದಡಿಗೆ ಹೋಗಿರು ಎಂದು ಅವನು ಶಿವನನ್ನೇ ಬೇಡಿಕೊಂಡನಂತೆ. ದೇವರಿಲ್ಲದ ಗುಡಿಯಲ್ಲಿಟ್ಟ ಆಣೆ ಆಣೆಯಲ್ಲವಲ್ಲ! ಕಾನೂನು ಬಲ್ಲ ವಕೀಲರು ಕೂಡ ಇದಕ್ಕಿಂತ ನಯವಾದ ಸಂದನ್ನು ಹುಡುಕಲಾರರು. ಶಿವನು ಒಪ್ಪಿದನು, ಒಪ್ಪಿ, ಸಂಗಿಲಿಯ ಕನಸಿನಲ್ಲಿ ಬಂದು, ಆಣೆಯನ್ನು ಬಕುಳದ ಕೆಳಗೇ ಇಡಿಸಿಕೊ ಎಂದು ಹೇಳಿಬಿಟ್ಟನು. ಸಿಕ್ಕಿಬಿದ್ದ ಸುಂದರನು ಮರದಡಿಯಲ್ಲಿ ಆಣೆಯಿಟ್ಟನು. ವಸಂತೋತ್ಸವದ ಕಾಲ ಬಂದು ತಿರುವಾರೂರಿನ ಸೆಳೆತ ತಾಳಲಾರದೆ ಆಣೆಯನ್ನು ಮುರಿದು ಊರ ಗಡಿಯನ್ನು ದಾಟಿದೊಡನೆ ಅವನ ಎರಡು ಕಣ್ಣುಗಳೂ ಹೋದವು. ಒಂದು ಕಣ್ಣು ಕಂಚಿಯಲ್ಲಿಯೂ ಇನ್ನೊಂದು ತಿರುವಾರೂರಿನಲ್ಲಿಯೂ ಮರಳಿ ಬಂದಿತೆಂಬುದು ಕಥೆಯ ಮುಂದಿನ ಭಾಗ.

ಪುರಾಣವೆಂದು ನೀವು ಇದನ್ನು ತಳ್ಳಿಹಾಕಬಹುದು. ಈ ಪುರಾಣವನ್ನು ಉಳಿಸಿಕೊಂಡ ಜನ ಏನನ್ನು ದೋಷವೆಂದು ಎಣಿಸಿದರೆಂಬುದು ನನಗೆ ಮುಖ್ಯ. ಆಚಾರ್ಯನು ಹೆಣ್ಣನ್ನು ಬಯಸಿದನೆಂಬುದು ಅವರಿಗೆ ದೋಷವೆನಿಸಲಿಲ್ಲ. ಅವಳಿಗಿತ್ತ ಮಾತನ್ನು ಮುರಿದನೆಂಬುದು ದೋಷವೆನಿಸಿತು. ಅವರು ಅವನನ್ನು ಪೀಠದಿಂದ ಇಳಿಸಲಿಲ್ಲ, ಅವನ ಪದಗಳನ್ನು ಹಾಡುವುದನ್ನು ನಿಲ್ಲಿಸಲಿಲ್ಲ, ಅವನ ಮೋಸವನ್ನು ಮುಚ್ಚಿಡಲೂ ಇಲ್ಲ. ಮಾಸಿ ತಿಂಗಳ ಬ್ರಹ್ಮೋತ್ಸವದಲ್ಲಿ ಮಗಿಳಡಿ ಸೇವೆಯೆಂದು ಆ ಆಣೆಯ ಪ್ರಸಂಗವನ್ನೇ ಇಂದಿಗೂ ಮರದ ಕೆಳಗೆ ಉತ್ಸವವಾಗಿ ಆಚರಿಸುತ್ತಾರೆ. ಪೂಜ್ಯನಾದವನ ತಪ್ಪನ್ನು, ತಪ್ಪಿಗೆ ಗುರಿಯಾದವಳ ಹೆಸರಿನೊಡನೆ, ವರ್ಷವರ್ಷವೂ ನೆನೆಯುವ ಇಂಥ ಇನ್ನೊಂದು ಏರ್ಪಾಡು ನನ್ನ ಗಮನಕ್ಕೆ ಬಂದಿಲ್ಲ.

ಭಾಷಣದಲ್ಲಿ ಹೇಳದೆ ಬಿಟ್ಟುದನ್ನು ಅಚ್ಚಿಗೆ ಕೊಡುವಾಗ ಸೇರಿಸಿದ್ದೇನೆ. ಉಪನ್ಯಾಸದ ದಿನ ಬೆಳಗ್ಗೆ ತೇರಡಿಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ದೇವಾಲಯಕ್ಕೆ ಹೋಗಿದ್ದೆ. ಬಕುಳಕ್ಕೆ ನಮ್ಮ ಕಡೆ ರಂಜೆಯ ಮರವೆನ್ನುತ್ತಾರೆ. ಚಿಕ್ಕಂದಿನಲ್ಲಿ ಅದರ ಹೂವನ್ನು ಬಾಳೆಯ ನಾರಿಗೆ ಪೋಣಿಸಿದ್ದುಂಟು. ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಮುದುಕಿಯನ್ನು, ನನ್ನ ಹರಕು ತಮಿಳಿನಲ್ಲಿ, ಸುಂದರರು ಆಣೆಯಿಟ್ಟ ಮರವೆಲ್ಲಿದೆಯಮ್ಮ ಎಂದು ಕೇಳಿದೆ. ಆಕೆ ಕೈಯ ದಾರವನ್ನು ನಿಲ್ಲಿಸದೆ, “ಸಂಗಿಲಿಯಮ್ಮನ ಮರವೇ? ಒಳಗೆ ಹೋಗಿ, ಅಯ್ಯ” ಎಂದು, ಒಂದು ಮೊಳ ಮಲ್ಲಿಗೆಯನ್ನು ಅಳೆದು ಎಲೆಯಲ್ಲಿ ಸುತ್ತಿ ನನ್ನ ಮುಂದಿಟ್ಟಳು.